ಧ್ವನಿತಂತುಗಳ ಸಾಮಾನ್ಯ ತೊಂದರೆಗಳು, ಅವುಗಳ ಕಾರಣಗಳು, ಚಿಕಿತ್ಸೆ ಹಾಗೂ ಲಭ್ಯವಿರುವ ಸೇವೆಗಳು – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಧ್ವನಿ ಒಡೆಯುವುದು, ಗಂಟಲು ಕಟ್ಟುವುದು, ಮಾತು ಗೊಗ್ಗರಾಗುವುದು ಎಲ್ಲ ವಯೋಮಾನದವರಲ್ಲಿಯೂ ಕಂಡುಬರುವ ತೊಂದರೆಗಳಾಗಿವೆ. ಇವುಗಳಲ್ಲಿ ಬಹುಪಾಲು ನೆಗಡಿಯೊಂದಿಗೆ ಆರಂಭವಾಗಿ ಒಂದೆರಡು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಇದೇ ಕಾರಣದಿಂದ ಅನೇಕರು ಧ್ವನಿಯ ಬದಲಾವಣೆಯನ್ನು ರೋಗಲಕ್ಷಣವೆಂದು ಪರಿಗಣಿಸುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತಿದೆ ಎಂಬ ಸಮಾಧಾನದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಹೀಗೆ ಕಳೆದುಹೋಗುವ ತಿಂಗಳುಗಳೇ ಕೆಲವರ ಪಾಲಿಗೆ ನಿರ್ಣಾಯಕವಾಗುತ್ತವೆ. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದಲ್ಲಿ ರೋಗಿಯು ಗುಣಮುಖನಾಗಿ ತನ್ನ ಸ್ವಂತ ಧ್ವನಿಯನ್ನೂ ಉಳಿಸಿಕೊಳ್ಳಬಹುದು. ತಡವಾಗಿ ಪತ್ತೆಯಾದಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದ ಸಂದರ್ಭ ಒದಗಬಹುದು. ಆದುದರಿಂದ ಈ ಮಾಹಿತಿಯ ಮುಖ್ಯ ಅಂಶವನ್ನು ಆರಂಭದಲ್ಲಿಯೇ ತಿಳಿಸಲಾಗಿದೆ: ಮೂರು ವಾರಗಳನ್ನು ಮೀರಿದ ಧ್ವನಿಯ ಬದಲಾವಣೆಗೆ, ಧ್ವನಿತಂತುಗಳನ್ನು ಕಣ್ಣಾರೆ ನೋಡಿ ಪರೀಕ್ಷಿಸದೆ ಕಾರಣವನ್ನು ನಿರ್ಧರಿಸಲು ಯಾರಿಗೂ ಸಾಧ್ಯವಿಲ್ಲ.

2. ಧ್ವನಿ ಉಂಟಾಗುವ ಬಗೆ

ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳದ ಮೇಲ್ತುದಿಯಲ್ಲಿ ಮೃದ್ವಸ್ಥಿಗಳಿಂದಾದ ಧ್ವನಿಪೆಟ್ಟಿಗೆ ಇರುತ್ತದೆ. ಇದರೊಳಗೆ ಎಡಕ್ಕೊಂದು, ಬಲಕ್ಕೊಂದು ಧ್ವನಿತಂತು ಇರುತ್ತದೆ. ತಂತು ಎಂದು ಕರೆಯಲಾಗುವುದಾದರೂ ಇವು ವೀಣೆಯ ತಂತಿಯಂತೆ ಬಿಗಿದ ದಾರಗಳಲ್ಲ. ಸ್ನಾಯುವಿನ ಮೇಲೆ ಮೃದುವಾದ ಪದರಗಳು ಹೊದಿಸಿದಂತಿರುವ ಎರಡು ಮಡಿಕೆಗಳು. ವಯಸ್ಕ ಪುರುಷರಲ್ಲಿ ಇವುಗಳ ಉದ್ದ ಸುಮಾರು 2 ಸೆಂಟಿಮೀಟರ್, ಸ್ತ್ರೀಯರಲ್ಲಿ ಅದಕ್ಕಿಂತ ಕಡಿಮೆ.

ಉಸಿರಾಡುವಾಗ ಈ ಮಡಿಕೆಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಮಾತನಾಡುವಾಗ ಪರಸ್ಪರ ಸಮೀಪಿಸುತ್ತವೆ. ಶ್ವಾಸಕೋಶದಿಂದ ಮೇಲೇರುವ ಗಾಳಿಯು ಅವುಗಳನ್ನು ಕಂಪಿಸುವಂತೆ ಮಾಡುತ್ತದೆ. ಸಾಮಾನ್ಯ ಸಂಭಾಷಣೆಯಲ್ಲಿ ಪುರುಷರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100 ರಿಂದ 130 ಬಾರಿ, ಸ್ತ್ರೀಯರ ಧ್ವನಿತಂತುಗಳು ಸುಮಾರು 200 ಬಾರಿ ಪರಸ್ಪರ ತಾಗುತ್ತವೆ. ಈ ಲೆಕ್ಕದಂತೆ ಒಬ್ಬ ಶಿಕ್ಷಕಿಯ ಧ್ವನಿ ಒಟ್ಟು ಒಂದು ಗಂಟೆ ಕಾಲ ಹೊರಟಿತೆಂದರೆ ಅವರ ಧ್ವನಿತಂತುಗಳು 7 ಲಕ್ಷಕ್ಕೂ ಹೆಚ್ಚು ಬಾರಿ ತಾಗಿದಂತಾಯಿತು. ಕೂಗಿ ಮಾತನಾಡಿದಲ್ಲಿ ತಾಗುವ ರಭಸವೂ ಹೆಚ್ಚುತ್ತದೆ. ಇಷ್ಟು ಶ್ರಮ ವಹಿಸುವ ಅಂಗದ ಅಂಚಿನಲ್ಲಿ ಸಾಸಿವೆಯಷ್ಟು ಊತ ಬಂದರೂ ಧ್ವನಿ ಬದಲಾಗುವುದು ಸಹಜ.

ಧ್ವನಿಪೆಟ್ಟಿಗೆಗೆ ಮಾತಿನ ಹೊರತಾಗಿ ಮತ್ತೆರಡು ಕೆಲಸಗಳಿವೆ. ಉಸಿರಿನ ದಾರಿಯನ್ನು ತೆರೆದಿಡುವುದು ಒಂದು. ನುಂಗಿದ ಅನ್ನ, ನೀರು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಇನ್ನೊಂದು. ಆದ್ದರಿಂದಲೇ ಧ್ವನಿತಂತುಗಳ ಕೆಲವು ಕಾಯಿಲೆಗಳಲ್ಲಿ ಉಸಿರಾಟದ ಹಾಗೂ ನುಂಗುವಿಕೆಯ ತೊಂದರೆಗಳೂ ಜೊತೆಗೂಡುತ್ತವೆ.

3. ಗಮನಿಸಬೇಕಾದ ಲಕ್ಷಣಗಳು

ಈ ಕೆಳಕಂಡ ಲಕ್ಷಣಗಳು ಮೂರು ವಾರಗಳಿಗಿಂತ ಹೆಚ್ಚು ಕಾಲ ಇದ್ದಲ್ಲಿ ಕಿವಿ, ಮೂಗು ಮತ್ತು ಗಂಟಲು ತಜ್ಞರನ್ನು ಕಾಣತಕ್ಕದ್ದು:

ಅ) ಧ್ವನಿ ಒರಟಾಗುವುದು, ಒಡೆಯುವುದು ಅಥವಾ ಗಾಳಿ ಸೋರಿದಂತೆ ಕೇಳಿಸುವುದು.
ಆ) ಬೆಳಿಗ್ಗೆ ಸರಿಯಿದ್ದ ಧ್ವನಿ ಸಂಜೆಯ ವೇಳೆಗೆ ಸೋಲುವುದು.
ಇ) ಮೊದಲು ಸುಲಭವಾಗಿ ಮುಟ್ಟುತ್ತಿದ್ದ ಮೇಲಿನ ಸ್ವರಗಳು ಹಾಡುವಾಗ ಸಿಗದಿರುವುದು.
ಈ) ಮಾತನಾಡಲು ಹೆಚ್ಚು ಶ್ರಮ ಬೇಕಾಗುವುದು, ಕತ್ತಿನ ಸ್ನಾಯುಗಳು ನೋಯುವುದು.
ಉ) ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆನಿಸಿ ಪದೇ ಪದೇ ಕ್ಯಾಕರಿಸುವಂತಾಗುವುದು.

ಈ ಕೆಳಕಂಡ ಸಂದರ್ಭಗಳಲ್ಲಿ ಮೂರು ವಾರ ಕಾಯದೆ ಕೂಡಲೇ ವೈದ್ಯರನ್ನು ಕಾಣುವುದು ಅವಶ್ಯಕ:

ಅ) ಕಫದಲ್ಲಿ ರಕ್ತ ಕಾಣಿಸಿಕೊಂಡಲ್ಲಿ.
ಆ) ನುಂಗುವಾಗ ನೋವು ಅಥವಾ ಅಡಚಣೆ ಇದ್ದಲ್ಲಿ, ಅಥವಾ ನುಂಗುವಾಗ ಕಿವಿಯವರೆಗೆ ನೋವು ಹರಿದಲ್ಲಿ.
ಇ) ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿದಲ್ಲಿ.
ಈ) ಕಾರಣವಿಲ್ಲದೆ ದೇಹದ ತೂಕ ಇಳಿದಲ್ಲಿ.
ಉ) ಥೈರಾಯ್ಡ್, ಎದೆ ಅಥವಾ ಕತ್ತಿನ ಶಸ್ತ್ರಚಿಕಿತ್ಸೆಯ ನಂತರ ಧ್ವನಿ ಬದಲಾದಲ್ಲಿ.
ಊ) ಬೀಡಿ, ಸಿಗರೇಟು ಸೇದುವವರಲ್ಲಿ ಅಥವಾ ಹಿಂದೆ ಸೇದುತ್ತಿದ್ದವರಲ್ಲಿ ಧ್ವನಿ ಬದಲಾದಲ್ಲಿ.

ಉಸಿರೆಳೆದುಕೊಳ್ಳುವಾಗ ಸೀಟಿಯಂತಹ ಅಥವಾ ಗೊರಗೊರ ಶಬ್ದ ಬರುತ್ತಿದ್ದು ಉಸಿರಾಟಕ್ಕೆ ಕಷ್ಟವಾಗುತ್ತಿದ್ದಲ್ಲಿ ಅದು ತುರ್ತು ಸ್ಥಿತಿಯಾಗಿರುತ್ತದೆ. ವಿಳಂಬ ಮಾಡದೆ 108 ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳುವುದು.

4. ಸಾಮಾನ್ಯ ತೊಂದರೆಗಳು ಮತ್ತು ಅವುಗಳ ಕಾರಣಗಳು

4.1 ಧ್ವನಿಪೆಟ್ಟಿಗೆಯ ಉರಿಯೂತ

ವೈದ್ಯರು ಲ್ಯಾರಿಂಜೈಟಿಸ್ ಎಂದು ಕರೆಯುವ ಈ ತೊಂದರೆಯು ಅತ್ಯಂತ ಸಾಮಾನ್ಯವಾದುದು. ನೆಗಡಿ ಉಂಟುಮಾಡುವ ವೈರಸ್‌ಗಳು ಅಥವಾ ಅತಿಯಾದ ಕೂಗಾಟ ಇದಕ್ಕೆ ಕಾರಣ. ವೈರಸ್‌ನಿಂದ ಬಂದ ಉರಿಯೂತಕ್ಕೆ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ಸೇವಿಸಬಾರದು. ಮಾತನ್ನು ಕಡಿಮೆ ಮಾಡಿ, ನೀರು ಹೆಚ್ಚು ಕುಡಿದು, ಹಬೆ ತೆಗೆದುಕೊಂಡಲ್ಲಿ ಸಾಕಾಗುತ್ತದೆ. ಧೂಮಪಾನ, ಧೂಳು, ರಾಸಾಯನಿಕ ಹೊಗೆ, ಸೌದೆ ಒಲೆಯ ಹೊಗೆ ಇವುಗಳ ನಡುವೆ ವರ್ಷಗಟ್ಟಲೆ ಇರುವವರಲ್ಲಿ ಉರಿಯೂತವು ದೀರ್ಘಕಾಲಿಕವಾಗಿ ಉಳಿಯಬಹುದು.

4.2 ಧ್ವನಿತಂತುವಿನ ಗಂಟುಗಳು

ನಿರಂತರವಾಗಿ ಜೋರಾಗಿ ಮಾತನಾಡುವವರಲ್ಲಿ, ಎರಡೂ ತಂತುಗಳು ಅತಿ ಹೆಚ್ಚು ರಭಸದಿಂದ ತಾಗುವ ಸ್ಥಳದಲ್ಲಿ ಚರ್ಮ ದಡ್ಡುಗಟ್ಟಿದಂತೆ ಗಂಟುಗಳು ಬೆಳೆಯುತ್ತವೆ. ಗುದ್ದಲಿ ಹಿಡಿಯುವ ಕೈಯಲ್ಲಿ ದಡ್ಡು ಏಳುವುದಕ್ಕೆ ಇದನ್ನು ಹೋಲಿಸಬಹುದು. ಶಿಕ್ಷಕಿಯರು, ಗಾಯಕಿಯರು ಹಾಗೂ ಕಿರುಚಿ ಆಡುವ ಮಕ್ಕಳಲ್ಲಿ ಇದು ಹೆಚ್ಚು. ಇವು ಕ್ಯಾನ್ಸರ್ ಗಂಟುಗಳಲ್ಲ. ಬಹುತೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯ ಅವಶ್ಯಕತೆಯಿಲ್ಲದೆ ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತವೆ.

4.3 ಪಾಲಿಪ್ ಮತ್ತು ನೀರ್ಗುಳ್ಳೆ

ಪಾಲಿಪ್ ಎಂಬ ಮೃದುವಾದ ಬೆಳವಣಿಗೆಯು ಸಾಮಾನ್ಯವಾಗಿ ಒಂದೇ ತಂತುವಿನ ಮೇಲೆ ಇರುತ್ತದೆ. ಒಮ್ಮೆ ಗಟ್ಟಿಯಾಗಿ ಕೂಗಿದಾಗ ಸೂಕ್ಷ್ಮ ರಕ್ತನಾಳ ಒಡೆದು ಇದು ಆರಂಭವಾಗಬಹುದು. ಜಾತ್ರೆ, ಕ್ರಿಕೆಟ್ ಪಂದ್ಯ, ಚುನಾವಣಾ ಪ್ರಚಾರದಲ್ಲಿ ಕೂಗಿದ ಮರುದಿನ ಧ್ವನಿ ಹೋಗಿ, ವಾರಗಳು ಕಳೆದರೂ ಮರಳದಿದ್ದಲ್ಲಿ ಪಾಲಿಪ್ ಇರುವ ಸಾಧ್ಯತೆಯನ್ನು ಪರಿಶೀಲಿಸಲಾಗುತ್ತದೆ. ಲೋಳೆ ಸ್ರವಿಸುವ ಗ್ರಂಥಿಯ ಬಾಯಿ ಮುಚ್ಚಿಕೊಂಡಾಗ ನೀರ್ಗುಳ್ಳೆ ಉಂಟಾಗುತ್ತದೆ. ಇದು ವ್ಯಾಯಾಮದಿಂದ ಕರಗುವಂತಹುದಲ್ಲ, ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

4.4 ಧೂಮಪಾನದಿಂದ ಬರುವ ಊತ

ಹಲವು ವರ್ಷ ಧೂಮಪಾನ ಮಾಡಿದವರಲ್ಲಿ ಧ್ವನಿತಂತುಗಳ ಹೊದಿಕೆಯ ಕೆಳಗೆ ದ್ರವ ತುಂಬಿ ಊದಿಕೊಳ್ಳುತ್ತದೆ. ತಂತುಗಳು ಭಾರವಾಗುವುದರಿಂದ ಧ್ವನಿ ತಗ್ಗುತ್ತದೆ. ಸ್ತ್ರೀಯರ ಧ್ವನಿ ಪುರುಷರ ಧ್ವನಿಯಂತಾಗಿ ದೂರವಾಣಿಯಲ್ಲಿ ಗುರುತು ತಪ್ಪುವುದುಂಟು. ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸದ ಹೊರತು ಯಾವ ಚಿಕಿತ್ಸೆಯೂ ಉಳಿಯುವುದಿಲ್ಲ.

4.5 ಹೊಟ್ಟೆಯ ಆಮ್ಲ ಮೇಲೇರುವುದು

ಜಠರದ ಆಮ್ಲವು ಅನ್ನನಾಳದ ಮೂಲಕ ಗಂಟಲಿನವರೆಗೆ ಏರಿ ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಕೆರಳಿಸಬಹುದು. ಎಷ್ಟೋ ಮಂದಿಗೆ ಎದೆಯುರಿಯಾಗಲಿ, ಹುಳಿತೇಗಾಗಲಿ ಇರುವುದಿಲ್ಲ. ಬೆಳಿಗ್ಗೆ ಎದ್ದಾಗ ಧ್ವನಿ ಒರಟಾಗಿರುವುದು, ಗಂಟಲಲ್ಲಿ ಕಫ ಅಂಟಿದಂತೆನಿಸುವುದು ಇದರ ಸೂಚನೆಗಳು. ರಾತ್ರಿ ತಡವಾಗಿ ಊಟ ಮಾಡಿ ಕೂಡಲೇ ಮಲಗುವವರಲ್ಲಿ ಇದು ಹೆಚ್ಚು.

4.6 ಧ್ವನಿತಂತುವಿನ ಪಾರ್ಶ್ವವಾಯು

ಧ್ವನಿತಂತುಗಳನ್ನು ಚಲಿಸುವಂತೆ ಮಾಡುವ ನರವು ಮೆದುಳಿನಿಂದ ಹೊರಟು ನೇರವಾಗಿ ಧ್ವನಿಪೆಟ್ಟಿಗೆಗೆ ಬರುವುದಿಲ್ಲ. ಎಡಭಾಗದ ನರವು ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿ, ಮತ್ತೆ ಕತ್ತಿಗೆ ಏರುತ್ತದೆ. ಈ ದೀರ್ಘ ದಾರಿಯಲ್ಲಿ ಎಲ್ಲಿ ಒತ್ತಡ ಬಿದ್ದರೂ ತಂತು ನಿಶ್ಚಲವಾಗುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ಗೆಡ್ಡೆ, ಎದೆಯೊಳಗಿನ ಊದಿದ ದುಗ್ಧಗ್ರಂಥಿಗಳು, ವೈರಸ್ ಸೋಂಕು ಇವು ಕಾರಣಗಳಾಗಬಹುದು. ಆದ್ದರಿಂದ ಧ್ವನಿ ಹೋದವರಿಗೆ ವೈದ್ಯರು ಎದೆಯ ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟಲ್ಲಿ ಅದು ಅನಗತ್ಯವೆಂದು ಭಾವಿಸಬಾರದು.

ಒಂದು ತಂತು ನಿಶ್ಚಲವಾದಾಗ ಧ್ವನಿ ಕ್ಷೀಣಿಸುತ್ತದೆ. ನೀರು ಕುಡಿಯುವಾಗ ನೆತ್ತಿಗೇರಿ ಕೆಮ್ಮು ಬರುತ್ತದೆ. ಎರಡೂ ತಂತುಗಳು ಮುಚ್ಚಿದ ಸ್ಥಿತಿಯಲ್ಲಿ ನಿಶ್ಚಲವಾದಲ್ಲಿ ಧ್ವನಿ ಸುಮಾರಾಗಿ ಇದ್ದರೂ ಉಸಿರಾಟಕ್ಕೆ ಅಪಾಯವಿರುತ್ತದೆ.

4.7 ವೈರಸ್‌ನಿಂದ ಬರುವ ನರುಲಿಗಳು

ಎಚ್.ಪಿ.ವಿ. ವೈರಸ್‌ನ 6 ಮತ್ತು 11ನೆಯ ಬಗೆಗಳಿಂದ ಧ್ವನಿಪೆಟ್ಟಿಗೆಯೊಳಗೆ ನರುಲಿಯಂತಹ ಬೆಳವಣಿಗೆಗಳು ಉಂಟಾಗುತ್ತವೆ. ಮಕ್ಕಳಲ್ಲಿ ಇದು ಹೆರಿಗೆಯ ವೇಳೆ ತಾಯಿಯಿಂದ ಬಂದಿರಬಹುದು. ಮಗುವಿನ ಅಳು ಅಥವಾ ಮಾತು ದೀರ್ಘಕಾಲ ಗೊಗ್ಗರಾಗಿದ್ದು ಕ್ರಮೇಣ ಉಸಿರಾಟವೂ ಕಷ್ಟವಾದಲ್ಲಿ ಕೂಡಲೇ ತೋರಿಸತಕ್ಕದ್ದು. ಇವು ಮರಳಿ ಮರಳಿ ಬೆಳೆಯುವ ಸ್ವಭಾವದವಾದ್ದರಿಂದ ಹಲವು ಬಾರಿ ಶಸ್ತ್ರಚಿಕಿತ್ಸೆ ಬೇಕಾಗಬಹುದು.

4.8 ಕ್ಷಯರೋಗ

ಧ್ವನಿಪೆಟ್ಟಿಗೆಗೂ ಕ್ಷಯ ಬರುತ್ತದೆ. ಬಹುಮಟ್ಟಿಗೆ ಶ್ವಾಸಕೋಶದ ಕ್ಷಯದೊಂದಿಗೆ ಬರುವ ಇದು ನೋಡಲು ಕ್ಯಾನ್ಸರ್‌ನಂತೆಯೇ ಕಾಣಬಹುದು. ಧ್ವನಿ ಬದಲಾವಣೆಯೊಂದಿಗೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಪರೀಕ್ಷೆ ಮತ್ತು ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

4.9 ಯುವಕರಲ್ಲಿ ಧ್ವನಿ ಒಡೆಯದಿರುವುದು

ಹದಿಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಧ್ವನಿ ತಗ್ಗುವುದು ಸಹಜ. ಕೆಲವರಲ್ಲಿ ದೇಹ ಸಂಪೂರ್ಣವಾಗಿ ಬೆಳೆದರೂ ಬಾಲ್ಯದ ಎತ್ತರದ ಧ್ವನಿಯೇ ಉಳಿಯುತ್ತದೆ. ಇದರಿಂದ ಕಾಲೇಜಿನಲ್ಲಿ, ಸಂದರ್ಶನಗಳಲ್ಲಿ ಅವಮಾನ ಅನುಭವಿಸಿ ಮಾತನ್ನೇ ನಿಲ್ಲಿಸಿದ ಯುವಕರೂ ಇರುತ್ತಾರೆ. ಇಂತಹವರಿಗೆ ಧ್ವನಿ ಚಿಕಿತ್ಸೆಯಿಂದ ಬಹುಬೇಗ, ಹಲವೊಮ್ಮೆ ಕೆಲವೇ ಭೇಟಿಗಳಲ್ಲಿ, ವಯಸ್ಸಿಗೆ ತಕ್ಕ ಧ್ವನಿ ದೊರೆಯುತ್ತದೆ. ಪೋಷಕರು ಸಂಕೋಚಪಡದೆ ತಜ್ಞರ ಬಳಿ ಕರೆತರಬೇಕಾಗಿ ಕೋರಲಾಗಿದೆ.

4.10 ಬಿಳಿ ಮಚ್ಚೆ ಮತ್ತು ಕ್ಯಾನ್ಸರ್

ಧ್ವನಿತಂತುವಿನ ಮೇಲೆ ಕಾಣುವ ಬಿಳಿ ಮಚ್ಚೆಯು ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗಿ ಬದಲಾಗಬಹುದು. ಧೂಮಪಾನವು ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನ ಪ್ರಮುಖ ಕಾರಣ. ಮದ್ಯಪಾನ ಜೊತೆಗೂಡಿದಲ್ಲಿ ಅಪಾಯ ಇನ್ನಷ್ಟು ಹೆಚ್ಚುತ್ತದೆ. ತಂತುವಿನ ಅಂಚಿನಲ್ಲಿ ಹುಟ್ಟುವ ಗೆಡ್ಡೆಗೆ ಒಂದು ವಿಶೇಷವಿದೆ: ಅದು ಅತಿ ಚಿಕ್ಕದಿರುವಾಗಲೇ ಧ್ವನಿಯನ್ನು ಕೆಡಿಸಿ ತನ್ನ ಇರುವಿಕೆಯನ್ನು ತಿಳಿಸುತ್ತದೆ. ದೇಹದ ಬೇರೆ ಭಾಗಗಳ ಅನೇಕ ಕ್ಯಾನ್ಸರ್‌ಗಳಿಗೆ ಇಂತಹ ಮುನ್ಸೂಚನೆ ಇರುವುದಿಲ್ಲ. ಈ ಸೂಚನೆಯನ್ನು ಬಳಸಿಕೊಂಡವರಲ್ಲಿ, ಅಂದರೆ ಮೊದಲ ಹಂತದಲ್ಲಿಯೇ ಚಿಕಿತ್ಸೆ ಪಡೆದವರಲ್ಲಿ, ನೂರಕ್ಕೆ ಸುಮಾರು 90 ಮಂದಿ ಗುಣಮುಖರಾಗುತ್ತಾರೆ.

5. ಪರೀಕ್ಷೆಯ ವಿಧಾನ

ಜೀವಂತ ವ್ಯಕ್ತಿಯ ಧ್ವನಿತಂತುಗಳ ಚಲನೆಯನ್ನು ಕನ್ನಡಿಯ ಮೂಲಕ ನೋಡಿ ಕ್ರಮಬದ್ಧವಾಗಿ ವಿವರಿಸಿದವರು ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕರು. 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ತಮ್ಮ ವಿವರಣೆಯನ್ನು ಸಲ್ಲಿಸಿದರು. ಪುಟ್ಟ ಕನ್ನಡಿಯ ಆ ವಿಧಾನವೇ ಇಂದಿಗೂ ತಜ್ಞರ ಕೊಠಡಿಯಲ್ಲಿ ಬಳಕೆಯಲ್ಲಿದೆ. ನಾಲಿಗೆಯನ್ನು ಮುಂದಕ್ಕೆ ಹಿಡಿದು, ಗಂಟಲಿನ ಹಿಂಭಾಗಕ್ಕೆ ಕನ್ನಡಿಯನ್ನಿಟ್ಟು, "ಈ" ಎಂದು ಹೇಳಿಸಿ ನೋಡಲಾಗುತ್ತದೆ.

ಕನ್ನಡಿಯಿಂದ ಸ್ಪಷ್ಟವಾಗಿ ಕಾಣದಿದ್ದಲ್ಲಿ ಮೂಗಿನ ಮೂಲಕ ತೆಳುವಾದ ಬಳುಕುವ ದೂರದರ್ಶಕ ನಳಿಕೆಯನ್ನು ಇಳಿಸಲಾಗುತ್ತದೆ. ಮೂಗಿಗೆ ಮರಗಟ್ಟಿಸುವ ಔಷಧಿ ಹಾಕುವುದರಿಂದ ನೋವಿರುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಆಸ್ಪತ್ರೆಗೆ ದಾಖಲಾಗಬೇಕಿಲ್ಲ. ತಂತುಗಳ ಕಂಪನವು ಬರಿಗಣ್ಣಿಗೆ ನಿಲುಕದಷ್ಟು ವೇಗವಾಗಿರುವುದರಿಂದ, ಮಿಣುಕುವ ಬೆಳಕಿನಲ್ಲಿ ಅದನ್ನು ನಿಧಾನಗೊಳಿಸಿದಂತೆ ತೋರಿಸುವ ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯು ದೊಡ್ಡ ಕೇಂದ್ರಗಳಲ್ಲಿ ಲಭ್ಯವಿದೆ. ಸಂಶಯಾಸ್ಪದ ಮಚ್ಚೆ ಅಥವಾ ಗೆಡ್ಡೆ ಕಂಡುಬಂದಲ್ಲಿ ಅದರ ಚೂರನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಹೀಗೆ ಚೂರು ತೆಗೆಯುವುದರಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಈ ಭಯದಿಂದ ಪರೀಕ್ಷೆ ನಿರಾಕರಿಸಿದವರು ಕಳೆದುಕೊಳ್ಳುವುದು ಚಿಕಿತ್ಸೆಯ ಅಮೂಲ್ಯ ಕಾಲವನ್ನು.

6. ಚಿಕಿತ್ಸೆ

6.1 ಧ್ವನಿ ವಿಶ್ರಾಂತಿ: ಉರಿಯೂತವಿದ್ದಾಗ ಹಾಗೂ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಮಾತನ್ನು ನಿಲ್ಲಿಸುವುದು ಅಥವಾ ಕಡಿಮೆ ಮಾಡುವುದು. ಪಿಸುಗುಟ್ಟುವುದು ವಿಶ್ರಾಂತಿಯಾಗುವುದಿಲ್ಲ, ಅನೇಕರಲ್ಲಿ ಅದು ಗಂಟಲಿನ ಸ್ನಾಯುಗಳ ಬಿಗಿತವನ್ನು ಹೆಚ್ಚಿಸುತ್ತದೆ. ಬರೆದು ತಿಳಿಸುವುದು ಉತ್ತಮ.

6.2 ಧ್ವನಿ ಚಿಕಿತ್ಸೆ: ವಾಕ್ ಚಿಕಿತ್ಸಕರು ಉಸಿರಿನ ಬಳಕೆ, ಕತ್ತಿನ ಸ್ನಾಯುಗಳ ಸಡಿಲಿಕೆ, ಸೂಕ್ತ ಶ್ರುತಿಯಲ್ಲಿ ಮಾತನಾಡುವ ಕ್ರಮ ಇವುಗಳನ್ನು ಅಭ್ಯಾಸ ಮಾಡಿಸುತ್ತಾರೆ. ಸಣ್ಣ ಕೊಳವೆಯ ಮೂಲಕ ಧ್ವನಿ ಹೊರಡಿಸುವಂತಹ ಸರಳ ಅಭ್ಯಾಸಗಳೂ ಇದರಲ್ಲಿ ಸೇರಿವೆ. ಗಂಟುಗಳಿಗೆ ಮತ್ತು ಸ್ನಾಯು ಬಿಗಿತದಿಂದ ಬಂದ ಧ್ವನಿ ದೋಷಕ್ಕೆ ಇದೇ ಮೊದಲ ಚಿಕಿತ್ಸೆ. ಮನೆಯಲ್ಲಿ ಪ್ರತಿದಿನ ಅಭ್ಯಾಸ ಮಾಡದೆ ವಾರಕ್ಕೊಮ್ಮೆ ಬಂದು ಹೋಗುವುದರಿಂದ ಫಲ ದೊರೆಯುವುದಿಲ್ಲ.

6.3 ಔಷಧಿ: ಆಮ್ಲದ ತೊಂದರೆಗೆ, ಕ್ಷಯಕ್ಕೆ, ಥೈರಾಯ್ಡ್ ಕೊರತೆಗೆ ಆಯಾ ಕಾಯಿಲೆಯ ಔಷಧಿಗಳನ್ನು ನೀಡಲಾಗುತ್ತದೆ. ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ ಉಗುಳತಕ್ಕದ್ದು. ಧ್ವನಿ ಕೆಟ್ಟಿತೆಂದು ತಾವಾಗಿಯೇ ಇನ್‌ಹೇಲರ್ ನಿಲ್ಲಿಸಬಾರದು.

6.4 ಸೂಕ್ಷ್ಮ ಶಸ್ತ್ರಚಿಕಿತ್ಸೆ: ಪಾಲಿಪ್, ನೀರ್ಗುಳ್ಳೆ, ನರುಲಿ ಇವುಗಳನ್ನು ಪೂರ್ಣ ಅರಿವಳಿಕೆಯಲ್ಲಿ, ಬಾಯಿಯ ಮೂಲಕವೇ, ಸೂಕ್ಷ್ಮದರ್ಶಕದ ನೆರವಿನಿಂದ ತೆಗೆಯಲಾಗುತ್ತದೆ. ಕತ್ತಿನ ಮೇಲೆ ಗಾಯವಿರುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಮಾತನಾಡುವ ಹಳೆಯ ಅಭ್ಯಾಸವೇ ಮುಂದುವರೆದಲ್ಲಿ ತೊಂದರೆ ಮರುಕಳಿಸಬಹುದು.

6.5 ಪಾರ್ಶ್ವವಾಯುವಿಗೆ: ಒಂದು ಬದಿಯ ಪಾರ್ಶ್ವವಾಯು 6 ರಿಂದ 12 ತಿಂಗಳೊಳಗೆ ತಾನಾಗಿಯೇ ಸುಧಾರಿಸುವ ಸಾಧ್ಯತೆಯಿರುತ್ತದೆ. ಈ ಅವಧಿಯಲ್ಲಿ ಧ್ವನಿ ಚಿಕಿತ್ಸೆ ನೀಡಲಾಗುತ್ತದೆ. ಅಗತ್ಯವಿದ್ದಲ್ಲಿ ನಿಶ್ಚಲವಾದ ತಂತುವಿಗೆ ಚುಚ್ಚುಮದ್ದಿನ ಮೂಲಕ ತುಂಬುವ ಪದಾರ್ಥವನ್ನು ಸೇರಿಸಿ ಮಧ್ಯಕ್ಕೆ ತರಲಾಗುತ್ತದೆ. ಆನಂತರವೂ ಸುಧಾರಿಸದಿದ್ದಲ್ಲಿ ಥೈರೋಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯಿಂದ ತಂತುವನ್ನು ಶಾಶ್ವತವಾಗಿ ಸರಿಸಿಡಬಹುದು.

6.6 ಕ್ಯಾನ್ಸರ್‌ಗೆ: ಆರಂಭದ ಹಂತದಲ್ಲಿ ವಿಕಿರಣ ಚಿಕಿತ್ಸೆ ಅಥವಾ ಲೇಸರ್ ಶಸ್ತ್ರಚಿಕಿತ್ಸೆ ಇವೆರಡರಲ್ಲಿ ಒಂದೇ ಸಾಕಾಗಬಹುದು. ವಿಕಿರಣ ಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 5 ರಿಂದ 7 ವಾರ ನಡೆಯುತ್ತದೆ. ಮಧ್ಯದಲ್ಲಿ ತಪ್ಪಿಸಿದಲ್ಲಿ ಪರಿಣಾಮ ಕುಗ್ಗುತ್ತದೆ. ಮುಂದುವರೆದ ಹಂತದಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಔಷಧಿಗಳನ್ನು ಒಟ್ಟುಗೂಡಿಸಬೇಕಾಗಬಹುದು.

7. ಧ್ವನಿಪೆಟ್ಟಿಗೆ ತೆಗೆದ ನಂತರದ ಜೀವನ

ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆದವರು ಕತ್ತಿನ ಮುಂಭಾಗದ ರಂಧ್ರದ ಮೂಲಕ ಉಸಿರಾಡುತ್ತಾರೆ. ಇಂತಹವರು ಮತ್ತೆ ಮಾತನಾಡಲು ಮೂರು ಮಾರ್ಗಗಳಿವೆ:

ಅ) ಗಾಳಿಯನ್ನು ಅನ್ನನಾಳಕ್ಕೆ ಎಳೆದು ಹೊರಬಿಡುತ್ತಾ ಮಾತನಾಡುವುದು. ಇದಕ್ಕೆ ಸಾಧನ ಬೇಕಿಲ್ಲ. ತಿಂಗಳುಗಳ ಅಭ್ಯಾಸ ಬೇಕು.
ಆ) ಕತ್ತಿಗೆ ಒತ್ತಿ ಹಿಡಿಯುವ, ಬ್ಯಾಟರಿಯಿಂದ ನಡೆಯುವ ಕೃತಕ ಧ್ವನಿ ಸಾಧನ. ಬೇಗ ಕಲಿಯಬಹುದು, ಧ್ವನಿ ಯಂತ್ರದಂತಿರುತ್ತದೆ.
ಇ) ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಅಳವಡಿಸುವ ಪುಟ್ಟ ಕವಾಟ. ಇದರಿಂದ ಬರುವ ಮಾತು ಹೆಚ್ಚು ಸಹಜವಾಗಿರುತ್ತದೆ. ಆದರೆ ಕವಾಟವನ್ನು ಪ್ರತಿದಿನ ಸ್ವಚ್ಛಗೊಳಿಸಬೇಕು ಹಾಗೂ ನಿಯತವಾಗಿ ಬದಲಾಯಿಸಬೇಕು.

ಸ್ನಾನ ಮಾಡುವಾಗ ಕತ್ತಿನ ರಂಧ್ರಕ್ಕೆ ನೀರು ಹೋಗದಂತೆ ಎಚ್ಚರವಹಿಸತಕ್ಕದ್ದು. ಕೆರೆ, ಹೊಳೆ, ಬಾವಿಗಳಿಗೆ ಇಳಿಯಬಾರದು. ಧೂಳು ಸೇರದಂತೆ ತೆಳುವಾದ ಹತ್ತಿ ಬಟ್ಟೆಯನ್ನು ಕಟ್ಟಿಕೊಳ್ಳುವುದು. ಕುಟುಂಬದವರು ಗಮನಿಸಬೇಕಾದುದೇನೆಂದರೆ, ಇವರಿಗೆ ಪ್ರಜ್ಞೆ ತಪ್ಪಿದಲ್ಲಿ ಕೃತಕ ಉಸಿರನ್ನು ಬಾಯಿಯ ಮೂಲಕ ನೀಡಿದರೆ ಶ್ವಾಸಕೋಶಕ್ಕೆ ತಲುಪುವುದಿಲ್ಲ. ಕತ್ತಿನ ರಂಧ್ರದ ಮೂಲಕವೇ ನೀಡಬೇಕು. ಈ ವಿಷಯವನ್ನು ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರುವುದು ಒಳ್ಳೆಯದು.

8. ಧ್ವನಿಯನ್ನೇ ಅವಲಂಬಿಸಿದ ವೃತ್ತಿಯವರಿಗೆ ಸಲಹೆಗಳು

ಶಿಕ್ಷಕರು, ಬಸ್ ನಿರ್ವಾಹಕರು, ತಳ್ಳುಗಾಡಿ ವ್ಯಾಪಾರಿಗಳು, ವಕೀಲರು, ಅರ್ಚಕರು, ಗಾಯಕರು, ಹರಿಕಥಾ ವಿದ್ವಾಂಸರು, ಯಕ್ಷಗಾನ ಭಾಗವತರು, ದೂರವಾಣಿ ಸಹಾಯ ಕೇಂದ್ರಗಳ ಸಿಬ್ಬಂದಿ ಇವರೆಲ್ಲರಿಗೂ ಧ್ವನಿಯೇ ಜೀವನೋಪಾಯ. ಇವರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1) ಬಾಯಾರಿಕೆಯಾಗುವವರೆಗೆ ಕಾಯದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುವುದು.
2) ದೊಡ್ಡ ತರಗತಿ ಅಥವಾ ಸಭೆಗಳಲ್ಲಿ ಧ್ವನಿವರ್ಧಕ ಬಳಸುವುದು. ಸೊಂಟಕ್ಕೆ ಕಟ್ಟುವ ಸಣ್ಣ ಧ್ವನಿವರ್ಧಕಗಳು ಈಗ ಲಭ್ಯವಿವೆ.
3) ತರಗತಿಯನ್ನು ಶಾಂತಗೊಳಿಸಲು ಕೂಗುವ ಬದಲು ಚಪ್ಪಾಳೆ, ಗಂಟೆ ಅಥವಾ ಕೈಸನ್ನೆ ಬಳಸುವುದು.
4) ಎರಡು ಅವಧಿಗಳ ನಡುವೆ ಕೆಲವು ನಿಮಿಷ ಮೌನವಾಗಿರುವುದು. ಬಿಡುವಿನಲ್ಲಿ ಸಹೋದ್ಯೋಗಿಗಳೊಂದಿಗೆ ಗದ್ದಲದಲ್ಲಿ ಮಾತನಾಡಿದಲ್ಲಿ ಅದು ವಿಶ್ರಾಂತಿಯಾಗುವುದಿಲ್ಲ.
5) ನೆಗಡಿ, ಗಂಟಲುಬೇನೆ ಇದ್ದ ದಿನ ಹಾಡುಗಾರಿಕೆ, ಗಟ್ಟಿ ಭಾಷಣ ಮಾಡದಿರುವುದು.
6) ಪದೇ ಪದೇ ಕ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗುವುದು.
7) ರಾತ್ರಿಯ ಊಟವನ್ನು ಮಲಗುವ 2 ರಿಂದ 3 ಗಂಟೆ ಮುಂಚೆ ಮುಗಿಸುವುದು.
8) ತಂಬಾಕನ್ನು ತ್ಯಜಿಸುವುದು. ಇದಕ್ಕೆ ನೆರವು ಬೇಕಾದವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅನ್ನು ಸಂಪರ್ಕಿಸಬಹುದು.

ಮನೆಮದ್ದುಗಳ ಕುರಿತು ಒಂದು ಮಾತು ಅಗತ್ಯ. ನಾವು ನುಂಗುವ ಯಾವುದೇ ಪದಾರ್ಥವು, ಅದು ಜೇನಾಗಲಿ, ಮೆಣಸಿನ ಕಷಾಯವಾಗಲಿ, ಕಲ್ಲುಸಕ್ಕರೆಯಾಗಲಿ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ. ಉಪ್ಪುನೀರು ಮುಕ್ಕಳಿಸಿದಾಗಲೂ ಅದು ಅಲ್ಲಿಗೆ ಇಳಿಯುವುದಿಲ್ಲ. ಇವು ಗಂಟಲಿನ ಕೆರೆತಕ್ಕೆ ಹಿತ ನೀಡುತ್ತವೆ. ಹಿತಮಿತವಾಗಿ ಬಳಸಲು ಅಡ್ಡಿಯಿಲ್ಲ. ಅತಿಮಧುರದ ಬೇರನ್ನು ಅತಿಯಾಗಿ ಸೇವಿಸಿದಲ್ಲಿ ರಕ್ತದೊತ್ತಡ ಏರಬಹುದಾದ್ದರಿಂದ ಎಚ್ಚರ ಅಗತ್ಯ. ಉಸಿರಿನೊಂದಿಗೆ ಒಳಹೋಗುವ ಹಬೆ ಮಾತ್ರ ತಂತುಗಳನ್ನು ತಲುಪುತ್ತದೆ. ಮಕ್ಕಳಿಗೆ ಬಿಸಿನೀರಿನ ಪಾತ್ರೆಯಿಂದ ಸುಟ್ಟಗಾಯವಾಗದಂತೆ ಹಿರಿಯರು ಜೊತೆಯಲ್ಲಿರತಕ್ಕದ್ದು.

9. ಸೇವೆಗಳನ್ನು ಪಡೆಯುವ ಕ್ರಮ

9.1 ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಂಡು, ಧ್ವನಿ ಯಾವ ದಿನದಿಂದ ಬದಲಾಗಿದೆ ಎಂಬುದನ್ನು ನಿಖರವಾಗಿ ತಿಳಿಸತಕ್ಕದ್ದು. ಅವರ ಶಿಫಾರಸ್ಸು ಪತ್ರದೊಂದಿಗೆ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ, ಮೂಗು ಮತ್ತು ಗಂಟಲು ವಿಭಾಗಕ್ಕೆ ತೆರಳುವುದು.

9.2 ಧ್ವನಿ ಚಿಕಿತ್ಸೆಗಾಗಿ, 1960ರ ದಶಕದಲ್ಲಿ ಸ್ಥಾಪನೆಯಾದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮತ್ತು ಚಿಕಿತ್ಸೆ ಲಭ್ಯವಿರುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯನ್ನು ಸಂಪರ್ಕಿಸಬಹುದು.

9.3 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ, ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ, ಇತರ ಕುಟುಂಬಗಳಿಗೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಗೆ ಒಳಪಟ್ಟು, ಚಿಕಿತ್ಸಾ ವೆಚ್ಚ ಭರಿಸಲು ಅವಕಾಶವಿದೆ. ಆಧಾರ್ ಹಾಗೂ ಪಡಿತರ ಚೀಟಿಯನ್ನು ತಪ್ಪದೆ ತರುವುದು. ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸ್ಸು ಪತ್ರ ಪಡೆಯುವುದು ಅವಶ್ಯಕ.

9.4 ಕ್ಷಯ ದೃಢಪಟ್ಟು ನೋಂದಣಿಯಾದವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ಸಹಾಯಧನವಿದ್ದು, 2024ರ ನವೆಂಬರ್‌ನಿಂದ ಇದನ್ನು ತಿಂಗಳಿಗೆ ರೂ. 500 ರಿಂದ ರೂ. 1,000 ಕ್ಕೆ ಹೆಚ್ಚಿಸಲಾಗಿದೆ. ಬ್ಯಾಂಕ್ ಖಾತೆಯ ವಿವರ ಅಗತ್ಯ.

10. ವಾಕ್ ವಿಕಲತೆಯ ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ವಾಕ್ ಮತ್ತು ಭಾಷಾ ವಿಕಲತೆಯನ್ನು ನಮೂದಿಸಲಾಗಿದ್ದು, ಧ್ವನಿಪೆಟ್ಟಿಗೆ ತೆಗೆದಂತಹ ಕಾರಣಗಳಿಂದ ಉಂಟಾದ ಶಾಶ್ವತ ವಿಕಲತೆಯೂ ಇದರಲ್ಲಿ ಸೇರಿದೆ. ಅರ್ಹರು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಬಹುದು. ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ತಪಾಸಣೆ ನಡೆಸಿ ವಿಕಲತೆಯ ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ. ಈ ಪ್ರಮಾಣವು ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅಧಿನಿಯಮದಲ್ಲಿ ತಿಳಿಸಿರುವ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಪರಿಗಣಿಸಲಾಗುತ್ತದೆ.

ಅರ್ಜಿದಾರರು ಗಮನಿಸತಕ್ಕದ್ದೇನೆಂದರೆ, ಗಂಟು, ಪಾಲಿಪ್, ಉರಿಯೂತ ಮುಂತಾದ ಗುಣಪಡಿಸಬಹುದಾದ ತೊಂದರೆಗಳು ಶಾಶ್ವತ ವಿಕಲತೆಯಾಗುವುದಿಲ್ಲ. ಇಂತಹವರು ಪ್ರಮಾಣಪತ್ರಕ್ಕಾಗಿ ಅಲೆಯುವ ಬದಲು ಚಿಕಿತ್ಸೆಯನ್ನು ಪೂರ್ಣಗೊಳಿಸುವುದು ಅವರ ಹಿತದೃಷ್ಟಿಯಿಂದಲೇ ಒಳ್ಳೆಯದು. ಶಸ್ತ್ರಚಿಕಿತ್ಸೆಯಾದವರು ಆಸ್ಪತ್ರೆಯಿಂದ ಬಿಡುಗಡೆಯಾದ ಸಾರಾಂಶ ಪತ್ರ ಹಾಗೂ ಚೂರು ಪರೀಕ್ಷೆಯ ವರದಿಯನ್ನು ಜೋಪಾನವಾಗಿಡುವುದು. ಮಾತನಾಡಲು ಸಾಧ್ಯವಿಲ್ಲದ ಅರ್ಜಿದಾರರು ತಮ್ಮ ಕೋರಿಕೆಯನ್ನು ಬರೆದು ನೀಡಬಹುದು ಅಥವಾ ಜೊತೆಗೊಬ್ಬರನ್ನು ಕರೆತರಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋವಿಲ್ಲದಿದ್ದರೂ ಪರೀಕ್ಷೆ ಮಾಡಿಸಬೇಕೆ?
ಉತ್ತರ: ಹೌದು. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಪ್ರಶ್ನೆ: ನಾನು ಎಂದೂ ಬೀಡಿ, ಸಿಗರೇಟು ಸೇದಿದವನಲ್ಲ. ನನಗೂ ಮೂರು ವಾರದ ನಿಯಮ ಅನ್ವಯಿಸುತ್ತದೆಯೆ?
ಉತ್ತರ: ಅನ್ವಯಿಸುತ್ತದೆ. ಪಾರ್ಶ್ವವಾಯು, ಕ್ಷಯ, ನರುಲಿ ಇವು ಧೂಮಪಾನ ಮಾಡದವರಿಗೂ ಬರುತ್ತವೆ. ಕ್ಯಾನ್ಸರ್ ಕೂಡ ಅಪರೂಪಕ್ಕೆ ಬರುವುದುಂಟು.

ಪ್ರಶ್ನೆ: ಧ್ವನಿ ಕೆಟ್ಟವರೆಲ್ಲರಿಗೂ ಕ್ಯಾನ್ಸರ್ ಇರುತ್ತದೆಯೆ?
ಉತ್ತರ: ಇಲ್ಲ. ಬಹುಪಾಲು ಜನರಲ್ಲಿ ಸರಳವಾದ, ಗುಣಪಡಿಸಬಹುದಾದ ಕಾರಣವೇ ಕಂಡುಬರುತ್ತದೆ. ಅದನ್ನು ಖಚಿತಪಡಿಸಿಕೊಳ್ಳುವುದಕ್ಕಾಗಿಯೇ ಪರೀಕ್ಷೆ.

ಪ್ರಶ್ನೆ: ಮಗುವಿನ ಧ್ವನಿ ಗೊಗ್ಗರಾಗಿದೆ. ದೊಡ್ಡವನಾದಂತೆ ಸರಿಹೋಗುತ್ತದೆಯೆ?
ಉತ್ತರ: ಕೂಗಾಟದಿಂದ ಬಂದ ಗಂಟುಗಳಾದಲ್ಲಿ ಸರಿಹೋಗುವ ಸಾಧ್ಯತೆಯಿದೆ. ಆದರೆ ನರುಲಿ ಇಲ್ಲವೆಂದು ತಜ್ಞರು ನೋಡಿ ಹೇಳಿದ ನಂತರವೇ ಕಾಯತಕ್ಕದ್ದು.

12. ಸೂಚನೆ

ಈ ಪುಟದಲ್ಲಿನ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದ್ದು, ಇದು ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಯೋಜನೆಗಳ ಮೊತ್ತ ಹಾಗೂ ನಿಯಮಗಳು ಸರ್ಕಾರದ ಆದೇಶಗಳಂತೆ ಬದಲಾಗಬಹುದಾದ್ದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳುವುದು. ಮನೆಯಲ್ಲಾಗಲಿ, ನೆರೆಹೊರೆಯಲ್ಲಾಗಲಿ ಯಾರ ಧ್ವನಿಯಾದರೂ ಮೂರು ವಾರಗಳಿಂದ ಬದಲಾಗಿರುವುದು ಕಿವಿಗೆ ಬಿದ್ದಲ್ಲಿ, ಅವರಿಗೆ ಈ ವಿಷಯವನ್ನು ತಿಳಿಸಿ ತಪಾಸಣೆಗೆ ಕಳುಹಿಸಿಕೊಡಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.